ಬದುಕಿರುವವರಿಗೆ ಇಪ್ಪತ್ತನಾಲ್ಕು ಹಾಳೆ

ರಾಯಚೂರು
3 ಜೂನ್ 2024

ಗಯಾಜ್ ಸಾಹೇಬರಿಗೆ ನಮಸ್ಕಾರ.

ನನ್ನ ನೆನಪು ನಿಮಗೆ ಇರಲಾರದು. ಹಲಸೂರಿನ ವಿಮಾ ಕಚೇರಿಯಲ್ಲಿದ್ದಾಗ ಹಳೆಯ ಕಡತಗಳನ್ನು ಆಟೋದಲ್ಲಿ ಹೇರಿಕೊಂಡು ನಿಮ್ಮ ಅಂಗಡಿಗೆ ಬರುತ್ತಿದ್ದ ರಮಾಮಣಿ ನಾನು. ಬಡ್ತಿ ಕೊಟ್ಟು ರಾಯಚೂರಿಗೆ ಹಾಕಿ ಎರಡು ವರ್ಷವಾಯಿತು. ಇಲ್ಲಿಯೂ ಬೈಂಡ್ ಮಾಡುವವರಿದ್ದಾರೆ. ಆದರೆ ನೀವು ಹೊಲಿದದ್ದು ಬಿಚ್ಚುವುದಿಲ್ಲ ಎಂಬುದನ್ನು ಹದಿನೈದು ವರ್ಷ ಕಣ್ಣಾರೆ ಕಂಡಿದ್ದೇನೆ. ನನಗೆ ಬೇಕಿರುವುದು ಅದೇ.

ಈ ಪೆಟ್ಟಿಗೆಯಲ್ಲಿ ಹನ್ನೊಂದು ಕಂತೆಗಳಿವೆ. ಎಲ್ಲವೂ ಕೈಬರಹ. ಶೆಲ್ಫಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಕ್ರಮವಾಗಿ ಸಾಲಾಗಿ ನಿಲ್ಲಿಸಿದ್ದೇನೆ. ಪುಟಸಂಖ್ಯೆ ಹಾಕಿಲ್ಲ, ಆದ್ದರಿಂದ ಕ್ರಮ ತಪ್ಪದಂತೆ ನೋಡಿಕೊಳ್ಳಬೇಕು. ಎಲ್ಲ ಸೇರಿಸಿ ಒಂದೇ ಪುಸ್ತಕ ಮಾಡಿಕೊಡಿ. ರೆಕ್ಸಿನ್ ಯಾವ ಬಣ್ಣದ್ದಾದರೂ ಸರಿ. ಬೆನ್ನಿನ ಮೇಲೆ ಏನೂ ಬರೆಸಬೇಡಿ. ಅವಸರವೇನಿಲ್ಲ.

ಇಂತಿ,
ರಮಾಮಣಿ


ಶಿವಾಜಿನಗರ, ಬೆಂಗಳೂರು
12 ಜೂನ್ 2024

ರಮಾಮಣಿ ಮೇಡಂ ಅವರಿಗೆ ಜಹನಾರಾ ಮಾಡುವ ಸಲಾಂ.

ನಾನು ಗಯಾಜ್ ಅವರ ಹೆಂಡತಿ. ನಮ್ಮವರಿಗೆ ಉರ್ದು ಬಿಟ್ಟರೆ ಬೇರೆ ಓದಲು ಬರುವುದಿಲ್ಲ. ನಾನು ಕೋಲಾರದವಳು, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಹಾಗಾಗಿ ಕನ್ನಡದ ಕೆಲಸ ಬಂದರೆ ಪುಟಗಳ ಕ್ರಮ ನೋಡುವುದು, ಕಾಗದ ಪತ್ರ ಬರೆಯುವುದು ಎಲ್ಲ ನನ್ನ ಪಾಲಿಗೆ. ನಿಮ್ಮ ನೆನಪು ಇಬ್ಬರಿಗೂ ಇದೆ. ಕೂರಿ ಮೇಡಂ ಅಂದರೆ ಒಂದು ದಿನವೂ ಕೂರುತ್ತಿರಲಿಲ್ಲ, ಕೊಡೆ ಹಿಡಿದುಕೊಂಡು ನಿಂತೇ ಇರುತ್ತಿದ್ದಿರಿ. ಪತ್ರದಲ್ಲಿ ಫೋನ್ ನಂಬರ್ ಇಲ್ಲವಲ್ಲ, ಅದಕ್ಕೇ ಈ ಕಾಗದ.

ಒಂದು ವಿಷಯ ಕೇಳಬೇಕಿತ್ತು. ಕೈಬರಹದ ಪುಸ್ತಕ ಹೊಲಿಯುವಾಗ ನಮ್ಮ ಮಾವನವರ ಕಾಲದಿಂದ ಒಂದು ಪದ್ಧತಿ ಇದೆ. ಬರೆದವರು ಬದುಕಿದ್ದರೆ ಕೊನೆಯಲ್ಲಿ ಇಪ್ಪತ್ತನಾಲ್ಕು ಖಾಲಿ ಹಾಳೆ ಸೇರಿಸುತ್ತೇವೆ. ಇನ್ನೂ ಏನಾದರೂ ಬರೆಯುವುದು ಇದ್ದೇ ಇರುತ್ತದಲ್ಲ. ತೀರಿಕೊಂಡಿದ್ದರೆ ಒಂದು ಹಾಳೆಯೂ ಹಾಕುವುದಿಲ್ಲ. ಸತ್ತವರ ಮಾತಿನ ಹಿಂದೆ ಇನ್ನೊಬ್ಬರು ಬಂದು ಗೀಚಬಾರದು ಎಂದು ಮಾವನವರು ಹೇಳುತ್ತಿದ್ದರಂತೆ. ಇದನ್ನು ಬರೆದವರು ಯಾರು, ಇದ್ದಾರೆಯೇ, ತಿಳಿಸಿ.

ಮೊದಲ ಕಂತೆಯನ್ನು ಟೀ ಕುಡಿಯುತ್ತ ಸುಮ್ಮನೆ ತೆರೆದೆ. ಟೀ ಆರಿಹೋಯಿತು. ಕಾಲೋನಿಗೆ ನೀರು ಬಿಡುವ ಆಂಜನಮ್ಮ, ಮೂರನೇ ಬೀದಿಯವರು ಎಲ್ಲರೆದುರು ಅವಮಾನ ಮಾಡಿದರೆಂದು ಆ ಬೀದಿಯ ನೀರು ನಿಲ್ಲಿಸಿ, ವಾಲ್ವ್ ತಿರುಗಿಸುವ ಕಬ್ಬಿಣದ ಉದ್ದ ಕೀಲಿಯನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಹಲಸೂರಿನಲ್ಲಿ ಬಸ್ಸು ಹತ್ತಿಬಿಡುತ್ತಾಳಲ್ಲ, ಆಮೇಲೆ ಎಲ್ಲಿ ಇಳಿದಳು? ಎರಡನೇ ಕಂತೆ ಬಿಚ್ಚೋಣ ಎಂದರೆ ನಮ್ಮವರು, ಗಿರಾಕಿಯ ಕಾಗದ ಓದುವುದು ನಮ್ಮ ಕೆಲಸವಲ್ಲ ಎಂದು ಬೈದರು. ನಿಮಗೆ ಗೊತ್ತಿದ್ದರೆ ಬರೆಯಿರಿ.

ಜಹನಾರಾ


ರಾಯಚೂರು
20 ಜೂನ್ 2024

ಜಹನಾರಾ ಅವರಿಗೆ ನಮಸ್ಕಾರ.

ಬರೆದವರು ತೀರಿಕೊಂಡಿದ್ದಾರೆ. ಖಾಲಿ ಹಾಳೆ ಬೇಡ.

ಆಂಜನಮ್ಮ ಎಲ್ಲಿಯೂ ಇಳಿಯಲಿಲ್ಲ. ಎರಡನೇ ಕಂತೆ ಶುರುವಾಗುವಾಗ ಮನೆಗೆ ವಾಪಸ್ ಬಂದು ಅಡುಗೆ ಮಾಡುತ್ತಿರುತ್ತಾಳೆ. ಅಲ್ಲಿಂದ ಮುಂದೆ ಅವಳ ಗಂಡನ ತಾತ, ಬ್ರಿಟಿಷರ ದಂಡಿನ ಕಾಲ, ಕೆರೆಗಳು, ಹೀಗೆ ಕಥೆ ಹಿಂದಕ್ಕೆ ಹೋಗುತ್ತದೆ. ನೀವು ಓದಿದ್ದು ಸಾಕು. ಮುಂದಿನದು ಅಷ್ಟು ರುಚಿಸಲಾರದು.

ರಮಾಮಣಿ


ಶಿವಾಜಿನಗರ
1 ಜುಲೈ 2024

ಮೇಡಂ ಅವರಿಗೆ,

ನಿಮ್ಮ ಕಾಗದ ಓದಿ ಸಂಕಟವಾಯಿತು. ಅವರು ನಿಮಗೆ ಏನಾಗಬೇಕು ಎಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಅವರ ಹೆಸರು ಗೊತ್ತಿಲ್ಲದಿದ್ದರೂ ಜುಮ್ಮಾ ದಿನ ಅವರಿಗಾಗಿ ದುವಾ ಮಾಡಿದೆ. ಒಂದು ಹೆಂಗಸಿನ ಸಿಟ್ಟನ್ನು ಅಷ್ಟು ಸರಿಯಾಗಿ ಬರೆದವರು ಒಳ್ಳೆಯವರೇ ಇರಬೇಕು.

ಆದರೂ ಆಂಜನಮ್ಮ ಮನೆಗೆ ಬಂದು ಅಡುಗೆ ಮಾಡಿದಳು ಎಂಬುದನ್ನು ನಾನು ಒಪ್ಪುವುದಿಲ್ಲ. ಬಸ್ಸು ಹತ್ತಿದ ಮೇಲೆ ಎಲ್ಲಾದರೂ ಇಳಿಯಲೇಬೇಕಲ್ಲ. ನನಗೆ ಗೊತ್ತು, ಏಕೆಂದರೆ ನಾನೂ ಒಮ್ಮೆ ಹತ್ತಿದ್ದೆ. ಮದುವೆಯಾದ ಹೊಸತು. ಅತ್ತೆಯವರು ನನ್ನ ತವರಿನ ಬಗ್ಗೆ ಏನೋ ಅಂದರು. ಶಿವಾಜಿನಗರದ ಬಸ್ ನಿಲ್ದಾಣಕ್ಕೆ ಹೋಗಿ ಮೊದಲು ಸಿಕ್ಕಿದ ಬಸ್ಸು ಹತ್ತಿ ಕೃಷ್ಣರಾಜಪುರದಲ್ಲಿ ಇಳಿದೆ. ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತೆ. ಬಂಗಾರಪೇಟೆಯ ಗಾಡಿ ಬಂತು, ನಿಂತಿತು, ಹೋಯಿತು. ಹತ್ತಿದ್ದರೆ ಅಮ್ಮನ ಮನೆ. ಹತ್ತಲಿಲ್ಲ. ಸಂತೆಯಲ್ಲಿ ಒಂದು ಕೆಜಿ ಬದನೆಕಾಯಿ ಕೊಂಡು ವಾಪಸ್ ಬಂದು, ಅಲ್ಲಿನ ಸಂತೆಗೆ ತರಕಾರಿ ತರಲು ಹೋಗಿದ್ದೆ ಅಂದೆ. ಮೂವತ್ತೆಂಟು ವರ್ಷವಾಯಿತು. ಇದನ್ನು ನಮ್ಮವರಿಗೂ ಹೇಳಿಲ್ಲ, ನಿಮಗೆ ಯಾಕೆ ಬರೆದೆನೋ ಗೊತ್ತಿಲ್ಲ.

ನಾಳೆ ಕೋಲಾರಕ್ಕೆ ಹೋಗುತ್ತಿದ್ದೇನೆ. ಅಕ್ಕ ಮಹೀನ್‌ಗೆ ಪಿತ್ತಕೋಶದ ಆಪರೇಷನ್. ಒಂದು ತಿಂಗಳು ಅಲ್ಲೇ. ಖಾಲಿ ಹಾಳೆ ಹಾಕಬೇಡಿ, ಬರೆದವರು ಇಲ್ಲ ಎಂದು ನಮ್ಮವರಿಗೆ ಎರಡು ಸಲ ಹೇಳಿದ್ದೇನೆ. ತಲೆ ಆಡಿಸಿದ್ದಾರೆ.

ಜಹನಾರಾ


ರಾಯಚೂರು
9 ಆಗಸ್ಟ್ 2024

ಜಹನಾರಾ ಅವರಿಗೆ,

ಪುಸ್ತಕ ನಿನ್ನೆ ತಲುಪಿತು. ಹನ್ನೊಂದನೇ ಕಂತೆ ಮೊದಲು ಬಂದಿದೆ, ಮೊದಲನೆಯದು ಕೊನೆಗೆ. ಪೂರ್ತಿ ಪುಸ್ತಕ ತಿರುಗುಮುರುಗು. ಸಾಲದ್ದಕ್ಕೆ, ಬೇಡವೇ ಬೇಡ ಎಂದು ಬರೆದಿದ್ದ ಖಾಲಿ ಹಾಳೆಗಳು ಹಿಂದೆ ದಂಡಿಯಾಗಿ ಕೂತಿವೆ. ನಾನು ಹೇಳಿದ್ದು ಎರಡೇ ಮಾತು, ಎರಡೂ ನಡೆದಿಲ್ಲ.

ಇದು ನನಗೆ ಎಂಥ ಕೆಲಸವಾಗಿತ್ತು ಎಂದು ನಿಮಗೆ ತಿಳಿಯುವುದಿಲ್ಲ. ಒಂದು ಸಲ ಮುಗಿಸಿ, ಮುಚ್ಚಿ, ಮೇಲೆ ಇಟ್ಟುಬಿಡೋಣ ಎಂದಿದ್ದೆ. ಓದಲು ಬಾರದವರ ಕೈಗೆ ಕೊಟ್ಟದ್ದು ನನ್ನದೇ ತಪ್ಪು. ಭಾನುವಾರ ಪಾರ್ಸೆಲ್ ಕಟ್ಟಿ ವಾಪಸ್ ಕಳಿಸುತ್ತೇನೆ. ಬಿಚ್ಚಿ ಸರಿಮಾಡಿ.

ರಮಾಮಣಿ


ಶಿವಾಜಿನಗರ
19 ಆಗಸ್ಟ್ 2024

ಮೇಡಂ ಅವರಿಗೆ,

ನಿಮ್ಮ ಪತ್ರವನ್ನು ನಮ್ಮವರಿಗೆ ಓದಿ ಹೇಳಿದೆ. ಒಂದು ಸಾಲನ್ನು ಬಿಟ್ಟು ಓದಿದೆ. ಬಿಟ್ಟಿದ್ದು ಅವರಿಗೆ ತಿಳಿಯಿತು. ಪೂರ್ತಿ ಓದು ಅಂದರು. ಓದಿದೆ.

ತಪ್ಪು ನಮ್ಮದೇ. ನಾನು ಊರಲ್ಲಿರಲಿಲ್ಲ. ಕಂತೆಗಳು ಪೆಟ್ಟಿಗೆಯಲ್ಲಿ ಸಾಲಾಗಿ ನಿಂತಿದ್ದವಲ್ಲ, ನೀವು ಎಡದಿಂದ ಶುರುಮಾಡಿ ನಿಲ್ಲಿಸಿದ್ದಿರಿ, ಅವರು ಬಲದಿಂದ ತೆಗೆದುಕೊಳ್ಳುತ್ತ ಹೋದರು. ಉರ್ದು ಓದುವ ಕಣ್ಣಿಗೆ ಸಾಲು ಶುರುವಾಗುವುದು ಬಲಗಡೆಯಿಂದ. ನಾನು ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಹೀಗಾಗಿರಲಿಲ್ಲ, ಏಕೆಂದರೆ ಪ್ರತಿ ಸಲ ನಾನು ಪಕ್ಕದಲ್ಲಿ ಇರುತ್ತಿದ್ದೆ.

ಖಾಲಿ ಹಾಳೆ ಯಾಕೆ ಹಾಕಿದಿರಿ, ಬೇಡ ಎಂದು ಎರಡು ಸಲ ಹೇಳಿದ್ದೆನಲ್ಲ ಎಂದು ಕೇಳಿದೆ. ಉತ್ತರ ಕೊಡುತ್ತಿಲ್ಲ. ಎರಡು ದಿನದಿಂದ ಸರಿಯಾಗಿ ಊಟವನ್ನೂ ಮಾಡಿಲ್ಲ. ಪುಸ್ತಕ ಕಳಿಸಿಕೊಡಿ ಮೇಡಂ, ಬಂದ ದಿನವೇ ಬಿಚ್ಚಿ ಹೊಸದಾಗಿ ಹೊಲಿದುಕೊಡುತ್ತಾರೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಜಹನಾರಾ


ಶಿವಾಜಿನಗರ
5 ಅಕ್ಟೋಬರ್ 2024

ಮೇಡಂ ಅವರಿಗೆ,

ಭಾನುವಾರ ಕಳಿಸುತ್ತೇನೆ ಎಂದು ಬರೆದಿದ್ದಿರಿ. ಏಳು ಭಾನುವಾರ ಕಳೆದವು. ಪಾರ್ಸೆಲ್ ಬಂದಿಲ್ಲ. ದಾರಿಯಲ್ಲಿ ಕಳೆದುಹೋಯಿತೋ ಎಂದು ಅಂಚೆ ಕಚೇರಿಗೂ ಹೋಗಿ ಕೇಳಿಕೊಂಡು ಬಂದೆ.

ಹೇಳಬಾರದು ಅಂದುಕೊಂಡಿದ್ದೆ, ಹೇಳುತ್ತೇನೆ. ನಮ್ಮವರು ಕನ್ನಡದ ಕೆಲಸ ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದಾರೆ. ಫ್ರೇಜರ್ ಟೌನಿನ ಒಂದು ಶಾಲೆಯವರು ಪ್ರತಿ ವರ್ಷ ಹಾಜರಿ ಪುಸ್ತಕ ತರುತ್ತಿದ್ದರು. ಈ ಸಲ ಬಂದಾಗ, ನಂಗೆ ಓದಕ್ಕೆ ಬರಲ್ಲ, ಬೇರೆ ಕಡೆ ಹೋಗಿ ಅಂದುಬಿಟ್ಟರು. ಹಾಜರಿ ಪುಸ್ತಕ ಓದುವುದಕ್ಕೆ ಏನಿದೆ ಹೇಳಿ. ಅಷ್ಟು ವರ್ಷ ಓದಲು ಬಾರದೆಯೇ ಮಾಡಿದ ಕೆಲಸ.

ನೀವು ಬೇಕಾದರೆ ಇನ್ನೂ ನಾಲ್ಕು ಮಾತು ಬೈಯಿರಿ, ಆದರೆ ಪುಸ್ತಕ ಕಳಿಸಿ. ಅದನ್ನು ಸರಿಮಾಡಿದರೆ ಅವರ ಕೈ ಸರಿಹೋಗುತ್ತದೆ.

ಜಹನಾರಾ


ರಾಯಚೂರು
14 ಅಕ್ಟೋಬರ್ 2024

ಜಹನಾರಾ ಅವರಿಗೆ,

ಪುಸ್ತಕವನ್ನು ಈಗ ಕಳಿಸಲಾಗುವುದಿಲ್ಲ. ಅದು ಹಾಗೆಯೇ, ಈಗಿರುವಂತೆಯೇ, ನನ್ನ ಬಳಿ ಇರಬೇಕಾಗಿದೆ. ಕಾರಣ ಕೇಳಬೇಡಿ.

ಸಾಹೇಬರು ಕೆಲಸ ಬಿಡುವುದು ಬೇಡ.

ರಮಾಮಣಿ


ಶಿವಾಜಿನಗರ
4 ನವೆಂಬರ್ 2024

ಶ್ರೀಮತಿ ರಮಾಮಣಿ ಅವರಿಗೆ,

ನಿಮ್ಮ ಚೀಟಿ ಬಂತು. ಪಕ್ಕದ ಅಂಗಡಿಯ ಇನಾಯತ್ ಉಲ್ಲಾ ಅವರಿಗೆ ತೋರಿಸಿದೆ. ಅವರು ರಬ್ಬರ್ ಸ್ಟಾಂಪ್ ಮಾಡುವವರು, ಕೋರ್ಟು ಕಚೇರಿ ಸುತ್ತಿದವರು. ಹಾಗೆಯೇ ಇರಬೇಕು ಎಂದಿದ್ದಾರೆಂದರೆ ಸಾಕ್ಷಿಗೆ ಇಟ್ಟುಕೊಂಡಿದ್ದಾರೆ, ಗ್ರಾಹಕರ ಕೋರ್ಟಿಗೆ ಹೋಗುತ್ತಾರೆ ಎಂದರು.

ಹೋಗುವುದಿದ್ದರೆ ಹೋಗಿ. ನೀವು ಓದಿದವರು, ಆಫೀಸರು, ನಿಮಗೆ ಎಲ್ಲ ಗೊತ್ತು. ನಮ್ಮವರು ಬಂದು ತಪ್ಪಾಯಿತು ಅನ್ನುತ್ತಾರೆ. ಯಾರ ಮುಂದೆಯಾದರೂ ಅನ್ನುತ್ತಾರೆ. ನಾನು ಮಾತ್ರ ನಿಮಗೆ ನನ್ನ ಬದನೆಕಾಯಿಯ ಕಥೆ ಬರೆದದ್ದಕ್ಕೆ ನಾಚಿಕೊಳ್ಳುತ್ತಿದ್ದೇನೆ. ಇನ್ನು ಕಾಗದ ಬರೆಯುವುದಿಲ್ಲ.

ಜಹನಾರಾ


ರಾಯಚೂರು
13 ನವೆಂಬರ್ 2024

ಜಹನಾರಾ ಆಪಾ,

ಅಕ್ಕ ಎಂದು ಹಾಗೆ ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಕರೆದಿದ್ದೇನೆ. ದಯವಿಟ್ಟು ಈ ಕಾಗದವನ್ನು ಪೂರ್ತಿ ಓದಿ. ಕೋರ್ಟೂ ಇಲ್ಲ ಕಚೇರಿಯೂ ಇಲ್ಲ. ನಾನು ನಿಮಗೆ ಸುಳ್ಳು ಹೇಳಿದ್ದೇನೆ. ಆ ಹನ್ನೊಂದು ಕಂತೆಗಳನ್ನು ಬರೆದವಳು ನಾನೇ. ಜುಮ್ಮಾ ದಿನ ನೀವು ಮಾಡಿದ ದುವಾ ಬದುಕಿರುವ ನನಗೆ ಬಂದು ಸೇರಿದೆ. ಅದನ್ನು ಓದಿದ ದಿನ ನಾಚಿಕೆಯಿಂದ ಕಾಗದವನ್ನು ಮಡಿಸಿ ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೆ.

ಎರಡು ಕಥಾಸಂಕಲನ ಬರೆದವಳು ನಾನು. ಎರಡನೆಯದಕ್ಕೆ ಒಂದು ಬಹುಮಾನ ಬಂತು. ಆ ಸಭೆಯಲ್ಲಿ ಒಬ್ಬರು, ಇನ್ನು ಇವರಿಂದ ನಾವು ಒಂದು ದೊಡ್ಡ ಕಾದಂಬರಿಯನ್ನೇ ನಿರೀಕ್ಷಿಸುತ್ತೇವೆ ಎಂದರು. ಚಪ್ಪಾಳೆ ಬಿತ್ತು. ನಾನು ಅದನ್ನು ನಂಬಿಕೊಂಡುಬಿಟ್ಟೆ. ಆಗಲೇ ಆಂಜನಮ್ಮನ ಮೊದಲ ಅಧ್ಯಾಯ ಬರೆದಾಗಿತ್ತು, ಎಂಟೇ ದಿನದಲ್ಲಿ. ದೊಡ್ಡ ಕಾದಂಬರಿ ಎಂದ ಮೇಲೆ ನೀರು ಬಿಡುವ ಹೆಂಗಸಿನ ಜಗಳ ಸಾಲದು ಅನ್ನಿಸಿತು. ಅವಳನ್ನು ಬಸ್ಸಿನಿಂದ ಇಳಿಸದೆ ನೇರ ಮನೆಗೆ ತಂದು ಒಲೆಯ ಮುಂದೆ ಕೂರಿಸಿ, ನಾನು ಗ್ರಂಥಾಲಯಕ್ಕೆ ಹೋದೆ. ದಂಡು ಕಟ್ಟಿದ್ದು, ಕೆರೆ ಕಟ್ಟಿದ್ದು, ಪ್ಲೇಗು ಬಂದದ್ದು. ಒಂದೊಂದು ಅಧ್ಯಾಯಕ್ಕೂ ಹೊರೆ ಹೊರೆ ಟಿಪ್ಪಣಿ. ಹನ್ನೊಂದನೇ ಅಧ್ಯಾಯದಲ್ಲಿ ನಿಂತೆ. ನಾಲ್ಕು ವರ್ಷ ಅಲ್ಲೇ. ಸಂಜೆ ಕಚೇರಿಯಿಂದ ಬಂದು ಎರಡು ಸಾಲು ಬರೆಯುವುದು, ಹೊಡೆದುಹಾಕುವುದು, ಹಾಳೆಗಳನ್ನು ಹಿಂದೆ ಮುಂದೆ ಜೋಡಿಸುವುದು. ಬರೆಯದೆ ಇರುವ ನೋವಿಗಿಂತ, ಬರೆಯುವವಳ ಹಾಗೆ ದಿನಾ ಕೂರುವ ನಾಟಕ ಸಾಕಾಗಿಹೋಗಿತ್ತು. ಬಿಡಿ ಹಾಳೆಗಳಿದ್ದರೆ ಕೈ ಹೋಗುತ್ತದೆ, ಬಿಚ್ಚದ ಹಾಗೆ ಹೊಲಿಸಿ ಮೇಲಿಟ್ಟರೆ ಬಿಡುಗಡೆ ಎಂದುಕೊಂಡೆ. ಬೆಂಗಳೂರಿನ ಕಲ್ಯಾಣ ನಗರದ ಮನೆಯಲ್ಲಿರುವ ನಮ್ಮವರಿಗೂ ತಿಳಿಸದೆ ನಿಮಗೆ ಕಳಿಸಿದೆ. ಹಾಗಿರುವಾಗ ನೀವು ಇಪ್ಪತ್ತನಾಲ್ಕು ಖಾಲಿ ಹಾಳೆಯ ಮಾತು ತೆಗೆದಿರಿ. ನನಗೆ ಅದಕ್ಕಿಂತ ಭಯದ ವಸ್ತು ಇನ್ನೊಂದಿರಲಿಲ್ಲ. ಅದಕ್ಕೇ ಸಾಯಿಸಿಬಿಟ್ಟೆ.

ಸಿಟ್ಟಿನ ಕಾಗದವನ್ನು ಅಂಚೆಗೆ ಹಾಕಿ, ಭಾನುವಾರ ಪಾರ್ಸೆಲ್ ಕಟ್ಟಲು ಕೂತೆ. ಹಗ್ಗ ಕತ್ತರಿಸಿ ಇಟ್ಟುಕೊಂಡಿದ್ದೆ. ಹಾಳೆಗಳೆಲ್ಲ ಸರಿಯಾಗಿವೆಯೇ ನೋಡೋಣವೆಂದು ಪುಸ್ತಕದ ಕೊನೆ ತೆರೆದರೆ, ಆಂಜನಮ್ಮ ಹಲಸೂರಿನಲ್ಲಿ ಬಸ್ಸು ಹತ್ತುತ್ತಿದ್ದಾಳೆ. ಪುಟ ತಿರುಗಿಸಿದೆ. ಖಾಲಿ. ಆಪಾ, ಎಂಟು ವರ್ಷದಲ್ಲಿ ಆ ಪುಟದ ಮುಂದೆ ನಾನು ಖಾಲಿ ಹಾಳೆ ಕಂಡೇ ಇರಲಿಲ್ಲ. ಅಲ್ಲಿ ಯಾವಾಗಲೂ ಎರಡನೇ ಅಧ್ಯಾಯ ಕೂತಿರುತ್ತಿತ್ತು. ಸಾಹೇಬರ ಪದ್ಧತಿಯಂತೆ ಹಾಳೆಗಳು ಕೊನೆಗೆ ಬಂದಿದ್ದವು, ಸಾಹೇಬರ ಕಣ್ಣಿನಂತೆ ಕೊನೆ ಎಂಬುದು ನನ್ನ ಮೊದಲಾಗಿತ್ತು.

ಎಲ್ಲಿ ಇಳಿದಳು ಎಂದು ನೀವು ಕೇಳಿದ್ದು ನೆನಪಾಯಿತು. ಬಸ್ಸಿನ ಕಂಡಕ್ಟರೂ ಅದನ್ನೇ ಕೇಳುತ್ತಾನಲ್ಲ ಅನ್ನಿಸಿತು. ಈಗ ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ, ಆದರೆ ಎಲ್ಲಿಗೆ ಎಂದು ಹೇಳಲೇಬೇಕು. "ಎಲ್ಗಮ್ಮಾ?" ಎಂದು ಒಂದು ಸಾಲು ಬರೆದೆ. ಹೊಡೆದುಹಾಕಲಿಲ್ಲ. ಅವಳು ಕಬ್ಬಿಣದ ಕೀಲಿಯನ್ನು ಕಾಲಿನ ನಡುವೆ ಸರಿಸಿಕೊಂಡಳು ಎಂದು ಇನ್ನೊಂದು ಸಾಲು. ಪಾರ್ಸೆಲ್ಲಿನ ಹಗ್ಗ ಈಗಲೂ ಮೇಜಿನ ಮೇಲೆ ಬಿದ್ದಿದೆ.

ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಂತುಹೋಗುತ್ತದೆ ಎಂಬ ಹೆದರಿಕೆ. ನಿಮ್ಮ ಅಕ್ಟೋಬರ್ ಕಾಗದ ಬಂದಾಗಲೂ ನನ್ನ ಹೆದರಿಕೆಯೇ ದೊಡ್ಡದಾಯಿತು. ಸಾಹೇಬರ ಅನ್ನಕ್ಕೆ ಕಲ್ಲು ಹಾಕಿ ನಾನು ಇಲ್ಲಿ ಖುಷಿಯಾಗಿ ಬರೆಯುತ್ತಿದ್ದೆ. ಇದು ಸುಳ್ಳಿಗಿಂತ ಕೆಟ್ಟದ್ದು.

ಮುಂದಿನ ನಾಲ್ಕು ಸಾಲನ್ನು ಸಾಹೇಬರಿಗೆ ಗಟ್ಟಿಯಾಗಿ ಓದಿ. ಗಯಾಜ್ ಸಾಹೇಬರೇ, ಓದಲು ಬಾರದವರು ಎಂದು ನಿಮ್ಮನ್ನು ಅಂದದ್ದಕ್ಕೆ ಕ್ಷಮೆ ಕೇಳುತ್ತೇನೆ. ಓದಲು ಬರುವ ನಾನು ಎಂಟು ವರ್ಷ ಓದಿಯೂ ಆ ಕಥೆ ದಾರಿ ತಪ್ಪಿದ್ದು ಎಲ್ಲಿ ಎಂದು ಕಂಡುಹಿಡಿಯಲಾಗಲಿಲ್ಲ. ನಿಮ್ಮ ತಪ್ಪಿನಿಂದ ನನಗೆ ನನ್ನ ಕೆಲಸ ವಾಪಸ್ ಸಿಕ್ಕಿದೆ. ನೀವು ಕನ್ನಡದ ಕೆಲಸ ಬಿಟ್ಟರೆ ಈ ಪುಸ್ತಕವನ್ನು ಮುಂದೆ ಹೊಲಿಯುವವರು ಯಾರು?

ಆಪಾ, ಒಂದು ಮಾತು. ಆಂಜನಮ್ಮನನ್ನು ನಾನು ಕೃಷ್ಣರಾಜಪುರದಲ್ಲಿ ಇಳಿಸಲಿಲ್ಲ. ಇಳಿಸುವ ಆಸೆ ಬಹಳ ಇತ್ತು. ಆದರೆ ಆ ನಿಲ್ದಾಣ ನಿಮ್ಮದು.

ನಿಮ್ಮ
ರಮಾಮಣಿ


ಶಿವಾಜಿನಗರ
24 ನವೆಂಬರ್ 2024

ರಮಾಮಣಿಯವರೇ,

ಕಾಗದ ಬರೆಯುವುದಿಲ್ಲ ಎಂದವಳು ಬರೆಯುತ್ತಿದ್ದೇನೆ. ಮೊದಲು ಸಿಟ್ಟು ಬಂತು. ಸತ್ತವರಿಗೆಂದು ಮಾಡಿದ ದುವಾ ಹೀಗಾಯಿತಲ್ಲ ಎಂದು. ಆಮೇಲೆ ನಗು ಬಂತು. ಆಯಸ್ಸು ಗಟ್ಟಿಯಾಗಿರಲಿ ಬಿಡಿ.

ನಾಲ್ಕು ಸಾಲಲ್ಲ, ಪೂರ್ತಿ ಕಾಗದವನ್ನೇ ನಮ್ಮವರಿಗೆ ಓದಿ ಹೇಳಿದೆ. ಮೇಡಮ್ಮೇ ಬರೆದಿದ್ದಂತೆ ನೋಡಿ ಎಂದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಂಗೆ ಗೊತ್ತಿತ್ತು," ಅಂದರು. ಹೇಗೆ ಅಂದೆ. ಡ್ರಾಯರಿನಿಂದ ನಿಮ್ಮ ಮೊದಲ ಕಾಗದ ತೆಗೆದು ಮುಂದೆ ಇಟ್ಟರು. "ಈ ಕೈ, ಆ ಕಂತೆಯ ಕೈ, ಎರಡೂ ಒಂದೇ. ಓದಕ್ಕೆ ಬರಲ್ಲ, ನೋಡಕ್ಕೆ ಬರುತ್ತೆ. ಬರೆದವರು ಇಲ್ಲ ಅಂತ ಅವರೇ ಕಾಗದ ಬರೆದವ್ರೆ. ಬದುಕಿದ್ದವರು ಯಾಕೆ ಹಂಗೆ ಅಂತಾರೋ ನಂಗೇನು ಗೊತ್ತು? ಹಾಳೆ ಹಾಕ್ದೆ." ಹಾಳೆ ಹಾಕಿದ್ದು ತಿಳಿದೇ ಹಾಕಿದ್ದಂತೆ. ಕಂತೆ ತಿರುಗಿದ್ದು ಮಾತ್ರ ನಿಜವಾದ ತಪ್ಪು. ಅಷ್ಟು ಬೈಸಿಕೊಂಡಾಗ ಬಾಯಿಬಿಟ್ಟು ಇದನ್ನು ಹೇಳಬಾರದಿತ್ತೆ ಎಂದೆ. ಹೇಳಿದ್ದರೆ ನಿನ್ನ ಮುಂದೆ ಅವರ ಮಾನ ಏನಾಗುತ್ತಿತ್ತು ಎಂದರು.

ಆ ಗಳಿಗೆಯಲ್ಲಿ ನನಗೆ ಏನಾಯಿತೋ, ಕೃಷ್ಣರಾಜಪುರದ ಬದನೆಕಾಯಿಯ ವಿಷಯವನ್ನೂ ಹೇಳಿಬಿಟ್ಟೆ. ಅವರು ಗೋಂದಿನ ಬ್ರಷ್ ತೊಳೆಯುತ್ತಿದ್ದರು, ತಲೆ ಎತ್ತಲಿಲ್ಲ. "ಮನೆ ಬಾಗಿಲಲ್ಲೇ ಮಾರ್ಕೆಟ್ ಇರೋವಾಗ ಬದನೆಕಾಯಿಗೆ ಕೆ.ಆರ್. ಪುರಕ್ಕೆ ಯಾರು ಹೋಗ್ತಾರೆ? ಆವತ್ತೇ ಗೊತ್ತಾಯ್ತು. ವಾಪಸ್ ಬಂದೆಯಲ್ಲ, ಸಾಕು ಅಂದ್ಕೊಂಡೆ." ಮೂವತ್ತೆಂಟು ವರ್ಷ, ನೋಡಿ. ನಾನು ಒಳಗೆ ಹೋಗಿ ಸ್ವಲ್ಪ ಅತ್ತೆ.

ಶಾಲೆಯವರಿಗೆ ಫೋನ್ ಮಾಡಿದ್ದಾರೆ. ಹಾಜರಿ ಪುಸ್ತಕಗಳು ಸೋಮವಾರ ಬರುತ್ತವೆ.

ಕೃಷ್ಣರಾಜಪುರ ನನ್ನದು, ಸರಿ. ಹಾಗಾದರೆ ಅವಳು ಎಲ್ಲಿ ಇಳಿದಳು? ಇದನ್ನು ಕೇಳುತ್ತಿರುವುದು ಮೂರನೇ ಸಲ.

ಜಹನಾರಾ


ರಾಯಚೂರು
2 ಫೆಬ್ರುವರಿ 2025

ಜಹನಾರಾ ಆಪಾ,

ಮಹದೇವಪುರದಲ್ಲಿ ಇಳಿದಳು. ಬೇಕೆಂದು ಇಳಿದದ್ದಲ್ಲ, ಹಿಂದಿನ ರಾತ್ರಿಯ ಮಳೆಗೆ ರಸ್ತೆ ತುಂಬ ನೀರು ನಿಂತು ಬಸ್ಸು ಮುಂದೆ ಹೋಗಲಿಲ್ಲ. ಒಂದು ದೊಡ್ಡ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರುಗಳು ಕಿಟಕಿಯ ತನಕ ಮುಳುಗಿವೆ. ಜನ ಪ್ಯಾಂಟು ಮಡಿಸಿಕೊಂಡು ಗೇಟಿನಲ್ಲಿ ನಿಂತಿದ್ದಾರೆ. ಅಷ್ಟರಲ್ಲಿ ಸೀರೆ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ಆಳೆತ್ತರದ ಕೀಲಿ ಹಿಡಿದು ಒಬ್ಬ ಹೆಂಗಸು ನಡೆದು ಬಂದರೆ ಏನೆಂದುಕೊಳ್ಳಬೇಕು? ನೀರಿನವರು ಬಂದರು ಎಂದು ಎಲ್ಲರೂ ದಾರಿ ಬಿಟ್ಟರು. "ಮೇಡಂ, ಎಷ್ಟೊತ್ತಿಗೆ ಕ್ಲಿಯರ್ ಆಗುತ್ತೆ?" ಎಂದು ಕೇಳಿದರು. ಮೂರನೇ ಬೀದಿಯಲ್ಲಿ ಅವಳನ್ನು ಯಾರೂ ಮೇಡಂ ಎಂದಿರಲಿಲ್ಲ. ಬೆಳಗ್ಗೆ ಒಂದು ಬೀದಿಯ ನೀರು ನಿಲ್ಲಿಸಿ ಬಂದವಳು ಮಧ್ಯಾಹ್ನ ಇಲ್ಲಿ ಇನ್ನೊಂದು ಬೀದಿಯ ನೀರನ್ನು ಹೊರಗೆ ಕಳಿಸಬೇಕು. ಅವಳು ಸುಮ್ಮನೆ ಒಪ್ಪಿಕೊಂಡಳು. ಅಪ್ಪಣೆ ಕೊಡಲು ಶುರುಮಾಡಿದ್ದಾಳೆ. ಮುಂದೆ ಏನು ಮಾಡುತ್ತಾಳೋ ನನಗೂ ಗೊತ್ತಿಲ್ಲ, ಆಪಾ. ಗೊತ್ತಿಲ್ಲದೆ ಬರೆಯುವುದು ಎಷ್ಟು ಚೆಂದ ಎಂಬುದನ್ನೇ ಮರೆತಿದ್ದೆ. ಸಂಜೆ ಯಾವಾಗ ಆಗುತ್ತದೋ ಎಂದು ಕಚೇರಿಯಲ್ಲಿ ಗಡಿಯಾರ ನೋಡುತ್ತೇನೆ.

ನಿಮ್ಮ ಇಪ್ಪತ್ತನಾಲ್ಕು ಹಾಳೆಗಳು ಎರಡೂ ಬದಿ ತುಂಬಿದವು. ಸಾಹೇಬರ ಹೊಲಿಗೆ ಎಷ್ಟು ಬಿಗಿ ಎಂದರೆ ಪುಸ್ತಕ ತೆರೆದು ನಿಲ್ಲುವುದೇ ಇಲ್ಲ. ಒಂದು ಬದಿಗೆ ಇಸ್ತ್ರಿಪೆಟ್ಟಿಗೆ, ಇನ್ನೊಂದು ಬದಿಗೆ ಲಟ್ಟಣಿಗೆ ಇಟ್ಟುಕೊಂಡು ಬರೆದಿದ್ದೇನೆ.

ಪುಸ್ತಕವನ್ನು, ಇಲ್ಲಿಗೆ ಬಂದಿರುವ ನಮ್ಮವರ ಕೈಯಲ್ಲಿ ಕಳಿಸುತ್ತಿದ್ದೇನೆ. ಹೆಸರು ಕೃಷ್ಣಮೂರ್ತಿ, ಎಲ್ಲರೂ ಕಿಟ್ಟು ಎನ್ನುತ್ತಾರೆ. ಸಂಕ್ರಾಂತಿಗೆ ಊರಿಗೆ ಹೋದಾಗ ಅವರಿಗೆ ಎಲ್ಲ ಹೇಳಿದೆ. ಬಿಚ್ಚದ ಹೊಲಿಗೆ ಬೇಕೆಂದು ಕೇಳಿದವಳು ಈಗ ಬಿಚ್ಚಿ ಎನ್ನುತ್ತಿದ್ದೇನೆ, ಸಾಹೇಬರು ನಗಲಿ. ಮೊದಲ ಅಧ್ಯಾಯ ಮತ್ತು ಆಮೇಲೆ ಬರೆದ ಇಪ್ಪತ್ತನಾಲ್ಕು ಹಾಳೆ ಸೇರಿಸಿ ಬೇರೆ ಪುಸ್ತಕ ಬೇಕು. ಹಿಂದೆ ಖಾಲಿ ಹಾಳೆ ಹಾಕಿ, ಸ್ವಲ್ಪ ಧಾರಾಳವಾಗಿ. ಉಳಿದ ಹತ್ತು ಕಂತೆಗಳನ್ನು ರದ್ದಿಗೆ ಹಾಕಿಬಿಡಿ. ನನಗೆ ವಾಪಸ್ ಬೇಡ.

ರಮಾಮಣಿ


ಶಿವಾಜಿನಗರ
22 ಫೆಬ್ರುವರಿ 2025

ರಮಾ,

ಇನ್ನು ಮೇಡಂ ಗೀಡಂ ಇಲ್ಲ. ನೀವು ಆಪಾ ಅಂದ ಮೇಲೆ ನನಗೆ ಅಷ್ಟು ಸಲುಗೆ ಇದೆ.

ನಿಮ್ಮ ಕಿಟ್ಟು ಸಾರ್ ಬಂದಿದ್ದರು. ನಿಮ್ಮ ಹಾಗಲ್ಲ, ಕೂರಿ ಅನ್ನುವ ಮುಂಚೆಯೇ ಕೂತರು. ಎರಡು ಸಲ ಸುಲೈಮಾನಿ ಚಹಾ ಕುಡಿದರು. ಫೋನಿನಲ್ಲಿ ನಿಮ್ಮ ದನಿ ಬದಲಾಗಿದೆಯಂತೆ, ಮೊದಲು ಸಾರಿಗೆ ಉಪ್ಪು ಹಾಕಿದಿರಾ ಎಂದಷ್ಟೇ ಕೇಳುತ್ತಿದ್ದವಳು ಈಗ ಮಹದೇವಪುರದ ಮೋರಿ ಯಾವ ಕಡೆ ಹರಿಯುತ್ತದೆ ಎಂದು ಕೇಳುತ್ತಾಳೆ ಎಂದರು. ಪಾಪ, ಹೋಗಿ ನೋಡಿಕೊಂಡೂ ಬಂದಿದ್ದಾರಂತೆ.

ಹೊಲಿಗೆ ಬಿಚ್ಚಲು ನಮ್ಮವರಿಗೆ ಅರ್ಧ ದಿನ ಹಿಡಿಯಿತು. ತಾವೇ ಹೊಲಿದದ್ದನ್ನು ತಾವೇ ಬೈದುಕೊಳ್ಳುತ್ತ ಬಿಚ್ಚಿದರು. ರಂಜಾನ್ ಶುರುವಾಗುವ ಮುಂಚೆ ಮುಗಿಸಬೇಕೆಂದು ಬೇರೆ ಕೆಲಸ ಪಕ್ಕಕ್ಕಿಟ್ಟಿದ್ದರು. ಈ ಸಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಹಾಳೆಯ ಮೂಲೆಯಲ್ಲೂ ಪೆನ್ಸಿಲಿನಿಂದ ಕನ್ನಡದ ಅಂಕಿ ಹಾಕಿಸಿದರು. ಅಂಕಿ ಹಾಕುವ ನೆಪದಲ್ಲಿ ನಾನು ಓದಿಕೊಂಡೆ. ಅವರು ನೋಡಿಯೂ ಬೈಯಲಿಲ್ಲ. ಆ ಅಪಾರ್ಟ್‌ಮೆಂಟಿನವರು ಆಂಜನಮ್ಮನಿಗೆ ಕುರ್ಚಿ ತಂದು ಹಾಕಿದಾಗ ಅವಳು ಕೂರದೆ ಕೀಲಿಯನ್ನು ಕುರ್ಚಿಯ ಮೇಲೆ ಮಲಗಿಸಿದಳಲ್ಲ, ಅಲ್ಲಿ ನಗು ತಡೆಯಲಾಗಲಿಲ್ಲ. ಏನು ಅಂದರು. ಹೇಳಿದೆ. ಈಗ ದಿನವೂ ಮಧ್ಯಾಹ್ನ ಊಟವಾದ ಮೇಲೆ ನಾನು ಓದುತ್ತೇನೆ, ಅವರು ಕೇಳುತ್ತಾರೆ. ಇವತ್ತಿಗೆ ಮುಗಿಯಿತು. ಮುಂದೆ ಯಾವಾಗ ಬರೆಯುತ್ತಾರೆ ಅಂತ ಕೇಳು ಎಂದಿದ್ದಾರೆ.

ಪುಸ್ತಕ ಕಿಟ್ಟು ಸಾರ್ ಕೈಯಲ್ಲಿ ಬರುತ್ತದೆ. ಕಂದು ರೆಕ್ಸಿನ್. ಖಾಲಿ ಹಾಳೆ ಎಷ್ಟು ಹಾಕುತ್ತೀರಿ ಎಂದರೆ ಕೈಗೆ ಬಂದಷ್ಟು ಎತ್ತಿಕೊಂಡರು. ಎಣಿಸಿದೆ, ಇನ್ನೂರ ನಲವತ್ತು. ಇಸ್ತ್ರಿಪೆಟ್ಟಿಗೆಯ ವಿಷಯ ಕೇಳಿ ಹೊಲಿಗೆಯನ್ನೂ ಸಡಿಲ ಮಾಡಿದ್ದಾರೆ, ಮೇಜಿನ ಮೇಲೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಬೆನ್ನಿನ ಮೇಲೆ ಏನೂ ಬರೆಸಿಲ್ಲ, ಹೆಸರಿಗೆ ಜಾಗ ಬಿಟ್ಟಿದ್ದಾರೆ.

ಆ ಹತ್ತು ಕಂತೆಗಳನ್ನು ರದ್ದಿಗೆ ಹಾಕಲು ಒಪ್ಪಲಿಲ್ಲ. ಕೈಯಿಂದ ಬರೆದದ್ದನ್ನು ತೂಕಕ್ಕೆ ಹಾಕುವ ಅಂಗಡಿ ಇದಲ್ಲ ಎಂದರು. ಅವನ್ನೂ ಪುಸ್ತಕ ಮಾಡಿದ್ದಾರೆ, ಕಪ್ಪು ರೆಕ್ಸಿನ್, ಬಿಚ್ಚದ ಹೊಲಿಗೆ. ಮೇಲೆ ಇಟ್ಟುಬಿಡಿ. ಅದಕ್ಕೆ ಖಾಲಿ ಹಾಳೆ ಹಾಕಿಲ್ಲ. ಅದನ್ನು ಬರೆದವರು ತೀರಿಕೊಂಡರೆಂದು ನೀವೇ ತಿಳಿಸಿದ್ದಿರಿ.

ಜಹನಾರಾ ಆಪಾ